ಸುಮ್ನೆ ಬಿದ್ದಿರೋ ಜಾಗ

ನಮ್ಮ ಹಿತ್ತಲು "ಸುಮ್ನೆ ಬಿದ್ದಿದೆ" ಎಂದು ಯಜಮಾನರು ಒಂದೇ ಸಮನೆ ರಾಗ ಎಳೆಯುತ್ತಿದ್ದರು. ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದವರು. ಖಾಲಿ ಜಾಗ ಕಂಡರೆ ಅವರಿಗೆ ಕೈ ತುರಿಸುತ್ತದೆ. ನಿಂಬೆ ಗಿಡ, ದುಂಡುಮಲ್ಲಿಗೆ, ನಲ್ಲಿ ಬುಡದ ಪುದೀನ ಎಲ್ಲ ಕೀಳಿಸಿ, ಸಿಮೆಂಟು ಹಾಕಿಸಿ, ಮೇಲೆ ಶೀಟು ಹೊದಿಸಬೇಕಂತೆ.

"ಅಲ್ಲಿ ಏನಿಡ್ತೀರಿ?" ಎಂದು ಕೇಳಿದೆ.

"ಜಾಗ ಆಗ್ಲಿ, ಸಾಮಾನು ತಾನಾಗೇ ಬರುತ್ತೆ."

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಇವರ ಕೈಗೆ ನನ್ನ ಹಿತ್ತಲು ಸಿಕ್ಕಿತ್ತು.

ನಾನು ಟೈಲರು. ವರ್ಷವಿಡೀ ಕತ್ತು ಬಗ್ಗಿಸಿ ಊರವರ ತೋಳು, ಕೊರಳು ಹೊಲಿಯುವವಳು. ಕತ್ತೆತ್ತಿ ನೋಡುವುದಕ್ಕೆ ನನಗಿರುವುದು ಅದೊಂದೇ ಜಾಗ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ; ನನಗಂತೂ ಅದೇ ಮದ್ದು. ಆದರೆ ವಾದ ಮಾಡಿ ಗೆಲ್ಲುವ ಪೈಕಿ ನಾನಲ್ಲ. ಸಿಟ್ಟು ಬಂದರೆ ಮೊದಲು ಅಳು ಬರುತ್ತದೆ, ಮಾತು ಆಮೇಲೆ. ಅದಕ್ಕೇ ಗಾರೆಯವನು ಬರುವ ದಿನ ಬೆಳಿಗ್ಗೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಮರದ ಬೆಂಚು ಎಳೆದುಕೊಂಡು ಹೋಗಿ ಹಿತ್ತಲಿನ ನಟ್ಟನಡುವೆ ಕೂತೆ. ಏನೇ ಆದರೂ ಏಳಬಾರದೆಂದೇ ಕೂತೆ.

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ನಿಂಬೆ ಹೂವಿನ ತುಂಬ ಜೇನುನೊಣ. ಒಂದು ಗೊದ್ದ ಇರುವೆ ಬೆಂಚಿನ ಕಾಲು ಹತ್ತಿ, ಅರ್ಧದಲ್ಲಿ ನಿಂತು ಯೋಚಿಸಿ, ಇಳಿದು ಹೋಯಿತು. ಎಷ್ಟು ಸುಖವಾಯಿತೆಂದರೆ, ಜಗಳಕ್ಕೆ ಕೂತಿದ್ದೇನೆ ಅನ್ನುವುದೇ ಸ್ವಲ್ಪ ಹೊತ್ತು ಮರೆತುಹೋಯಿತು.

ಅತ್ತೆ ಬಾಗಿಲಿಗೆ ಬಂದರು. "ಯಾಕೇ, ಹುಷಾರಿಲ್ವಾ?"

"ಚೆನ್ನಾಗಿದೀನಿ ಅತ್ತೆ. ಸುಮ್ನೆ ಕೂತಿದೀನಿ."

ನಾನು ಸುಮ್ಮನೆ ಕೂತದ್ದನ್ನು ಅವರು ಈ ಮನೆಯಲ್ಲಿ ನೋಡಿರಲೇ ಇಲ್ಲ. ಒಂದು ಗಳಿಗೆ ನಿಂತಿದ್ದು, ಒಳಗಿನಿಂದ ಚಾಪೆ ತಂದು ಮಲ್ಲಿಗೆಯ ಪಕ್ಕ ಹಾಸಿ, ಕಾಲು ಚಾಚಿದರು.

ಗಾರೆಯವನು ಸುಣ್ಣದ ಪುಡಿಯ ಬುಟ್ಟಿ ಹಿಡಿದು ಬಂದ. ಹಿಂದೆ ಯಜಮಾನರು, ಕೈಯಲ್ಲಿ ಟೇಪು.

"ಏಳೇ, ಗೆರೆ ಎಳೀಬೇಕು."

"ಎಳೀಲಿ. ನಾನೇನು ಅವನ ಕೈ ಹಿಡ್ಕೊಂಡಿದೀನಾ?"

"ಅಮ್ಮಾ, ನೀನಾದ್ರೂ ಹೇಳು ಇವಳಿಗೆ."

"ನಿನ್ನ ಗೋದಾಮಿಗೆ ಬಂದ ಮೊದಲ್ನೇ ಸಾಮಾನು ನಾನೇ ಅಂದ್ಕೋ" ಎಂದು ಅತ್ತೆ ಕಣ್ಣು ಮುಚ್ಚಿದರು.

ಇವರಿಗೂ ಹಟ ಬಂತು. ಎಳಿ ಎಂದರು. ನೇರವಾಗಿ ಬಂದ ಗೆರೆ ನನ್ನ ಪಾದದ ಹತ್ತಿರ ತಿರುಗಿ, ಬೆಂಚು ಬಳಸಿ, ಅತ್ತೆಯ ಚಾಪೆ ಸುತ್ತಿ ಹೋಯಿತು. ನಾನು ಕಾಲು ಕದಲಿಸಲಿಲ್ಲ. ಹೊಸದಾಗಿ ಹೊಲಿಗೆ ಕಲಿಯುವವರು ಕತ್ತರಿಸಿದ ರವಿಕೆಯ ಕುತ್ತಿಗೆಯ ಹಾಗಿತ್ತು ಆ ಗೆರೆ. ಗಾರೆಯವನು ತಲೆ ಕೆರೆದುಕೊಂಡ.

"ಸರ್, ಖಾಲಿ ಜಾಗ ಅಂದಿದ್ರಿ. ಖಾಲಿ ಆದ್ಮೇಲೆ ಫೋನ್ ಮಾಡಿ" ಎಂದು ಬುಟ್ಟಿ ಎತ್ತಿಕೊಂಡು ಹೊರಟ.

ಯಜಮಾನರು ಮುಖ ಊದಿಸಿಕೊಂಡು ಒಳಗೆ ಹೋದರು. ನಾಳೆ ಮತ್ತೆ ಕರೆಸಿದರೆ? ನಾಳೆಯೂ ಕೂರುತ್ತೇನೆ. ಬಟ್ಟೆ ಕೇಳಿಕೊಂಡು ಬಂದವರಿಗೆ ಇಲ್ಲಿಂದಲೇ ಉತ್ತರ ಕೊಡುತ್ತೇನೆ.

ಬಿಸಿಲು ಗೋಡೆಯಾಚೆ ಸರಿಯುವ ಹೊತ್ತಿಗೆ ಯಜಮಾನರು ಬಾಗಿಲಲ್ಲಿ ಕಾಣಿಸಿಕೊಂಡರು.

"ಒಳಗೆ ಯಾರೂ ಇಲ್ಲ" ಎಂದರು, ದೂರು ಹೇಳುವವರಂತೆ.

"ಎಲ್ರೂ ಇಲ್ಲೇ ಇದೀವಲ್ಲ."

ಮೆಲ್ಲಗೆ ಬಂದು ಬೆಂಚಿನ ಪಕ್ಕ ನಿಂತರು. "ಸ್ವಲ್ಪ ಸರ್ಕೋ."

"ಯಾಕೆ?"

ಅವರು ನಿಂಬೆ ಗಿಡ ನೋಡಿದರು, ಅತ್ತೆಯ ಚಾಪೆ ನೋಡಿದರು.

"ಸುಮ್ನೆ" ಎಂದರು ಕೊನೆಗೆ.

ನಗು ಬಂತು, ತಡೆದುಕೊಂಡೆ. "ಮೊದ್ಲು ಆ ಗೆರೆ ಅಳಿಸಿ ಬನ್ನಿ."

ಅವರು ಚಪ್ಪಲಿ ಕಳಚಿಟ್ಟು, ಪುದೀನದ ಕಡೆಯಿಂದ ಶುರುಮಾಡಿ, ಬರಿಗಾಲಲ್ಲಿ ಸುಣ್ಣ ಉಜ್ಜುತ್ತ ಬಂದರು. ನನ್ನ ಪಾದದ ಹತ್ತಿರ ಬಂದಾಗ, ಬೆಳಿಗ್ಗೆಯಿಂದ ಮೊದಲ ಸಲ, ಕಾಲೆತ್ತಿದೆ.