ಚೀಟಿ ಕೊಟ್ಟವರಿಗೆ ಉಪ್ಪಿಟ್ಟು

ಮೂರನೇ ರೀಲು ಎರಡನೆಯದಕ್ಕಿಂತ ಮೊದಲೇ ಓಡುತ್ತಿದೆ ಎಂದು ಪ್ರೊಜೆಕ್ಟರ್ ಪಕ್ಕ ನಿಂತಿದ್ದ ನಟರಾಜನಿಗೆ ತಿಳಿಯುವ ಹೊತ್ತಿಗೆ, ಪರದೆಯ ಮೇಲೆ ನಾಯಕ ಖಾಲಿ ತೊಟ್ಟಿಲು ತೂಗುತ್ತ ಕೂತಿದ್ದ. ಅದಕ್ಕೆ ಮೊದಲು ಅವನು ಬೆಂಗಳೂರಿನ ವಠಾರವೊಂದರಲ್ಲಿ ಒಬ್ಬನೇ ಇದ್ದ, ಮದುವೆಯಾಗದ ಗುಮಾಸ್ತ. ಅವನ ಬಾಗಿಲಿಗೆ ಯಾರೋ ಮಗು ಬಿಟ್ಟುಹೋಗುವ ದೃಶ್ಯ ಇನ್ನೂ ಬಂದಿರಲಿಲ್ಲ. ಅಮೆರಿಕದ ರಾಕ್‌ವಿಲ್‌ನ ಶಾಲೆಯ ಕೆಫೆಟೇರಿಯಾದಲ್ಲಿ ಮಡಚುವ ಕುರ್ಚಿಗಳ ಮೇಲಿದ್ದ ನಲವತ್ತು ಮಂದಿ, ನಗಿಸುವ ಚಿತ್ರ ಎಂದು ಕೇಳಿ ಬಂದವರು, ನಗಲು ಸಿದ್ಧವಾಗಿದ್ದ ಮುಖವನ್ನು ಹಾಗೇ ಹಿಡಿದುಕೊಂಡು ಕಾದರು.

"ಅಮ್ಮಾ, ಬೇಬಿ ಎಲ್ಲಿ?" ಎಂದು ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಕೇಳಿದಳು.

"ಬರತ್ತೆ ಕಣೆ, ಸುಮ್ನೆ ನೋಡು."

"ಬಟ್ ಇಟ್ಸ್ ಎಂಪ್ಟಿ," ಎಂದಳು ಹುಡುಗಿ.

ಕೊನೆಯ ಸಾಲಿನಲ್ಲಿ ಕೂತಿದ್ದ ಕುಮುದಾ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಹಿಂದೆ ಮುಂದೆ ಗೊತ್ತಿಲ್ಲದೆ ಬಂದ ಆ ತೊಟ್ಟಿಲು ಅವಳಿಗೆ ಮಾತ್ರ ಅರ್ಥವಾಯಿತು. ಮಗುವನ್ನು ಒಮ್ಮೆಯೂ ಕಾಣದೆ ತೊಟ್ಟಿಲು ತೂಗುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ, ಅರವತ್ತೊಂಬತ್ತರಲ್ಲಿ, ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಅವಳಿಗೆ ಮಂಪರು ಬರುವ ಔಷಧಿ ಕೊಟ್ಟು ಹೆರಿಗೆ ಮಾಡಿಸಿದ್ದರು. ಎಚ್ಚರವಾದಾಗ ಕೋಣೆಯಲ್ಲಿ ಮಗು ಇರಲಿಲ್ಲ. ಹೆಣ್ಣು ಮಗು, ಹೊಟ್ಟೆಯಲ್ಲೇ ಹೋಗಿತ್ತು, ನೋಡಿದರೆ ಮರೆಯುವುದು ಕಷ್ಟ, ಮುಂದಿನದೆಲ್ಲ ನಾವೇ ನೋಡಿಕೊಂಡಿದ್ದೇವೆ ಎಂದು ವಯಸ್ಸಾದ ಡಾಕ್ಟರು ಅವಳ ಕೈ ಹಿಡಿದು ಹೇಳಿದ್ದರು. ಆಗಿನ ರೀತಿಯೇ ಹಾಗಿತ್ತು. ಅವಳ ಗಂಡ ಶ್ರೀಕಂಠ ಅದೇ ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರಾಗಿದ್ದ. ನೀವು ನೋಡಿದಿರಾ ಎಂದು ಅವಳು ಎರಡು ಸಲ ಕೇಳಿದ್ದಳು, ಒಮ್ಮೆ ಅಲ್ಲೇ, ಒಮ್ಮೆ ರಾಕ್‌ವಿಲ್‌ಗೆ ಮನೆ ಬದಲಾಯಿಸುವಾಗ ಪೆಟ್ಟಿಗೆಗಳ ನಡುವೆ ಕೂತು. ಎರಡು ಸಲವೂ ಅವನು ಇಲ್ಲ ಎಂದಿದ್ದ.

ಮುಖವಿಲ್ಲದ ಮಗು ದೊಡ್ಡದಾಗುವುದಿಲ್ಲ, ದೂರ ಹೋಗುವುದೂ ಇಲ್ಲ. ಕುಮುದಾ ಅದಕ್ಕೆ ಯಾರು ಯಾರದೋ ಮುಖ ಕೊಟ್ಟು ನೋಡಿದ್ದಳು. ತಂಗಿಯ ಮಗಳದ್ದು, ದಿನಸಿ ಅಂಗಡಿಯ ಸಾಲಿನಲ್ಲಿ ಯಾರದೋ ಗಾಡಿಯಿಂದ ತಿರುಗಿ ನೋಡಿದ ಮಗುವಿನದ್ದು. ಒಂದೂ ನಿಂತಿರಲಿಲ್ಲ.

ನಟರಾಜ ರೀಲು ಬದಲಾಯಿಸಿದ. ಈಗ ಬಾಗಿಲಲ್ಲಿ ಮಗು ಸಿಕ್ಕಿತು, ನಗು ಶುರುವಾಯಿತು. ನಾಯಕ ಮಗುವನ್ನು ಎತ್ತಿಕೊಂಡು ಸಿಟಿ ಬಸ್ ಹತ್ತಿದ, ಇದಕ್ಕೆ ಅರ್ಧ ಟಿಕೆಟ್ಟೋ ಕಾಲು ಟಿಕೆಟ್ಟೋ ಎಂದು ಕಂಡಕ್ಟರನ ಜೊತೆ ಜಗಳವಾಡಿದ, ಹಾಲು ಉಕ್ಕಿಸಿದ, ತನ್ನ ಪಂಚೆಯನ್ನೇ ಹರಿದು ಲಂಗೋಟಿ ಮಾಡಿದ. ಕುಮುದಾಳೂ ಒಂದೆರಡು ಕಡೆ ನಕ್ಕಳು. ಪಕ್ಕದಲ್ಲಿ ಕೂತಿದ್ದ ಶ್ರೀಕಂಠ ನಗಲಿಲ್ಲ. ಅವನು ಮುಂದಕ್ಕೆ ಬಾಗಿ, ನಾಯಕನ ಕೈಗಳನ್ನು ಎಕ್ಸ್‌ರೇ ನೋಡುವ ಹಾಗೆ ನೋಡುತ್ತಿದ್ದ.

ಚಿತ್ರ ಮುಗಿದ ಮೇಲೆ ಅಭಿಪ್ರಾಯದ ಚೀಟಿ. ಇದು ಕನ್ನಡ ಸಂಘದ ಕಾರ್ಯದರ್ಶಿ ಶಾರದಾ ತಂದ ಪದ್ಧತಿ. ಫಿಲ್ಮ್ ಡಬ್ಬ ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ, ನೋಡಿದವರು ಏನೆಂದರು ಎಂಬ ಒಂದು ಹಾಳೆಯೂ ಜೊತೆಗೆ ಹೋಗಬೇಕು. ಹೆಸರು ಬರೆಯಬೇಕಾಗಿಲ್ಲ. ಆದರೆ ಡಾಕ್ಟರುಗಳು, ವಿಜ್ಞಾನಿಗಳು ಬರೆಯದೆ ಜಾರಿಕೊಳ್ಳುತ್ತಾರೆಂದು, ಚೀಟಿ ಕೊಟ್ಟವರಿಗೆ ಮಾತ್ರ ಉಪ್ಪಿಟ್ಟು ಎಂದು ಅವಳು ನಿಯಮ ಮಾಡಿದ್ದಳು. ಬೆಳಗಿನ ಸೀರಿಯಲ್ ಡಬ್ಬಿಯ ರವೆಯಲ್ಲಿ ಮಾಡಿದ ಉಪ್ಪಿಟ್ಟಾದರೂ ಒಗ್ಗರಣೆಯ ವಾಸನೆಗೆ ಎಲ್ಲರೂ ಸೋಲುತ್ತಿದ್ದರು. ಶ್ರೀಕಂಠನೂ ಗೋಡೆಗೆ ಕಾಗದ ಒತ್ತಿಹಿಡಿದು ಏನೋ ಬರೆದು ಬುಟ್ಟಿಗೆ ಹಾಕಿದ.

ಹೊರಡುವಾಗ ಪಾರ್ಕಿಂಗ್ ಲಾಟಿನಲ್ಲಿ ಶಾರದಾ ಓಡಿಬಂದಳು. ಮಗನಿಗೆ ಜ್ವರ, ಮನೆಯಿಂದ ಫೋನ್ ಬಂದಿದೆ, ಈ ಸಲದ ಚೀಟಿಗಳನ್ನು ನೀನೇ ನೋಡಿ ಹಾಳೆ ಮಾಡಿಬಿಡ್ತೀಯಾ ಎಂದು ಕಾಗದದ ಚೀಲವನ್ನು ಕುಮುದಾಳ ಕೈಗಿಟ್ಟಳು. ಡಬ್ಬ ಸೋಮವಾರ ಅಟ್ಲಾಂಟಾಕ್ಕೆ ಹೋಗಬೇಕು. ಕುಮುದಾ ಒಪ್ಪಿದಳು. ಶಾರದಾ ಯಾರ ಸೀಮಂತಕ್ಕೆ ಕರೆದರೂ 'ಬರಕ್ಕಾಗ್ದಿದ್ರೂ ಪರ್ವಾಗಿಲ್ಲ' ಎಂದು ಮೆಲ್ಲಗೆ ಸೇರಿಸುವವಳು. ಅದನ್ನು ಕುಮುದಾ ಮರೆತಿರಲಿಲ್ಲ. ಶ್ರೀಕಂಠ ಆಗಲೇ ಕಾರು ತರಲು ಹೋಗಿದ್ದ.

ಭಾನುವಾರ ಬೆಳಿಗ್ಗೆ ಅವಳು ಊಟದ ಮೇಜಿನ ಮೇಲೆ ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆ ಹರಡಿಕೊಂಡು ಚೀಟಿಗಳನ್ನು ಬಿಡಿಸಿದಳು. ರೀಲು ಅದಲು ಬದಲಾದದ್ದು ಅರ್ಧ ಜನಕ್ಕೆ ತಿಳಿದೇ ಇರಲಿಲ್ಲ. 'ಖಾಲಿ ತೊಟ್ಟಿಲನ್ನು ಮೊದಲು ತೋರಿಸಿ ಆಮೇಲೆ ಮಗುವನ್ನು ತಂದ ನಿರ್ದೇಶಕರ ಧೈರ್ಯ ಮೆಚ್ಚತಕ್ಕದ್ದು. ಹೊಸ ತಂತ್ರ,' ಎಂದು ಒಬ್ಬರು ಬರೆದಿದ್ದರು. 'ಕನ್ನಡ ಚಿತ್ರ ಪ್ರಪಂಚದ ಮಟ್ಟಕ್ಕೆ ಬಂತು,' ಎಂದು ಇನ್ನೊಬ್ಬರು. 'ನಾಯಕನಿಗೆ ಡಯಪರ್ ಕಟ್ಟಲು ಬರುವುದಿಲ್ಲ, ನಮ್ಮ ಮನೆಯವರಿಗೂ ಬರುವುದಿಲ್ಲ,' ಎಂದು ಯಾರೋ ಹೆಂಗಸು. 'ಉಪ್ಪಿಟ್ಟಿಗೆ ಉಪ್ಪು ಕಡಿಮೆ,' ಎಂದಷ್ಟೇ ಒಬ್ಬರು. ಒಂದು ಚೀಟಿಯಲ್ಲಿ ಮಗುವಿನ ಚಿತ್ರವಿತ್ತು, ಎರಡು ದೊಡ್ಡ ಕಣ್ಣು. ಕೊನೆಗೂ ಬೇಬಿ ಸಿಕ್ಕಿದ ಸಂತೋಷದಲ್ಲಿ ಆ ಪುಟ್ಟ ಹುಡುಗಿ ಬರೆದದ್ದಿರಬೇಕು. ಕುಮುದಾ ನಗುತ್ತಲೇ ಮುಂದಿನದನ್ನು ತೆಗೆದಳು.

ಅಕ್ಷರಗಳು ಹಿಂದಕ್ಕೆ ವಾಲಿದ್ದವು. ಒದ್ದೆ ಶಾಯಿಯ ಮೇಲೆ ಅಂಗೈ ಎಳೆದು ಸಾಲುಗಳುದ್ದಕ್ಕೂ ಮಸಿ ಹರಡಿತ್ತು. ಎಡಗೈಯಲ್ಲಿ ಫೌಂಟನ್ ಪೆನ್ ಹಿಡಿಯುವವರು ಆ ಸಂಘದಲ್ಲಿ ಒಬ್ಬರೇ.

'ಬಸ್ಸಿನ ದೃಶ್ಯದಲ್ಲಿ ನಟ ಹಿಡಿದಿರುವುದು ಬರೀ ಬಟ್ಟೆಯ ಗಂಟು. ಮಗುವಿನ ತಲೆ ಮೊಣಕೈ ಮಡಿಕೆಗೆ ಬಂದಾಗ ತೋಳು ತಾನಾಗಿ ಸ್ವಲ್ಪ ಕೆಳಗಿಳಿಯುತ್ತದೆ. ಉಸಿರಿಲ್ಲದ ಮಗುವೂ ಅಷ್ಟು ಹಗುರವಾಗಿರುವುದಿಲ್ಲ.'

ಕುಮುದಾ ಅದನ್ನು ಮೂರು ಸಲ ಓದಿದಳು. ಕೆಳಗೆ ಬೇಸ್‌ಮೆಂಟಿನಲ್ಲಿ ಡ್ರೈಯರ್ ತಿರುಗುತ್ತಿತ್ತು. ಭಾನುವಾರದ ಬಟ್ಟೆ ಶ್ರೀಕಂಠನ ಕೆಲಸ. ಅಟ್ಲಾಂಟಾದಿಂದ ಬಂದಮೇಲೆ ಅವನೇ ಕೇಳದೆ ವಹಿಸಿಕೊಂಡದ್ದು. ಬಟ್ಟೆ ಬಿಸಿಯಾಗಿರುವಾಗಲೇ ತೆಗೆದು, ಅಲ್ಲೇ ಕೆಳಗೆ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತು ಮಡಚಿ ತರುತ್ತಿದ್ದ. ನನಗೆ ಬೆನ್ನು ನೋವೆಂದು ಮಾಡುತ್ತಾರೆ ಎಂದು ಅವಳು ಅಂದುಕೊಂಡಿದ್ದಳು.

ಚೀಟಿ ಹಿಡಿದು ಅವಳು ಮೆಟ್ಟಿಲಿಳಿದಳು. ಡ್ರೈಯರ್ ಅದೇ ತಾನೇ ನಿಂತಿತ್ತು. ಅವನು ಬಾಗಿಲು ತೆರೆಯಲು ಬಾಗಿದವನು, ಅವಳ ಕೈಯಲ್ಲಿದ್ದುದನ್ನು ಕಂಡು ಹಾಗೇ ನಿಂತ.

"ಶಾರದಾ ಓದ್ತಾರೆ ಅನ್ಕೊಂಡೆ," ಎಂದ.

"ನೋಡ್ಲಿಲ್ಲ ಅಂದಿದ್ರಿ."

"ನೋಡ್ದೆ ಅಂದಿದ್ರೆ, ಹೇಗಿತ್ತು ಅಂತ ಕೇಳ್ತಿದ್ದೆ ನೀನು."

"ಕೇಳ್ತಿದ್ದೆ."

"ಹೇಳಕ್ಕೆ ಆಗ್ತಿರ್ಲಿಲ್ಲ ನಂಗೆ."

ಅವಳು ಸ್ಟೂಲಿನ ಮೇಲೆ ಕೂತಳು. ಅವನು ನಿಂತೇ, ಡ್ರೈಯರಿನ ಮೇಲೆ ಅಂಗೈ ಊರಿ, ಅವಳನ್ನು ನೋಡದೆ ಹೇಳತೊಡಗಿದ. ಅವಳಿನ್ನೂ ಮತ್ತಿನಲ್ಲಿದ್ದಳು. ಅವನು ಕಾರಿಡಾರಿನಲ್ಲಿ ಬಿಳಿ ಕೋಟು ಹಾಕಿಕೊಂಡೇ ನಿಂತಿದ್ದ. ಮಿಸೆಸ್ ಹೇರ್ಸ್ಟನ್ ಎಂಬ ದಪ್ಪನೆಯ ಕರಿಯ ನರ್ಸ್ ಬಂದು ಡಾಕ್ಟರ್ ಎನ್ನದೆ ಮಿಸ್ಟರ್ ಎಂದು ಕರೆದರು. ಹಾಸಿಗೆಬಟ್ಟೆ ಇಡುವ ಲಿನನ್ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಕಂಬಳಿಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಅದರಲ್ಲಿ ಮಗುವನ್ನು ಸುತ್ತಿ ತಂದರು. ಯಾಕೆ ಬಿಸಿ ಕಂಬಳಿ ಎಂದು ಅವನು ಕೇಳಿದ್ದನಂತೆ, ಡಾಕ್ಟರ ಹಾಗೆ, ಏನು ಕೇಳಬೇಕೆಂದು ತಿಳಿಯದೆ. ಅಪ್ಪನ ಕೈಗೆ ತಣ್ಣನೆಯ ಮಗುವನ್ನು ನಾನು ಕೊಡುವುದಿಲ್ಲ ಎಂದರಂತೆ. ಆಮೇಲೆ ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಇಪ್ಪತ್ತು ನಿಮಿಷ ಯಾರನ್ನೂ ಒಳಗೆ ಬಿಡಲಿಲ್ಲ.

"ಬಿಸಿ ಆರೋವರ್ಗೂ ಕೂತಿದ್ದೆ," ಎಂದ. "ಆಮೇಲೆ ಅವ್ರು ಬಂದು ತೊಗೊಂಡ್ರು."

ಡ್ರೈಯರಿನ ತಗಡು ತಣ್ಣಗಾಗುತ್ತ ಟಕ್ ಎಂದಿತು. ಆರು ವರ್ಷ ತನಗೆ ಸಿಗದಿದ್ದುದು ಇದೇ ಮನೆಯಲ್ಲಿ, ತನ್ನ ಪಕ್ಕದಲ್ಲೇ ಇತ್ತು ಎಂದು ಕುಮುದಾಳಿಗೆ ಸಿಟ್ಟು ಬಂತು. ಆದರೆ ಬಾಯಿಂದ ಹೊರಟದ್ದು ಬೇರೆ.

"ಮುಖ?"

ಅವನು ಮೊದಲ ಸಲ ಅವಳತ್ತ ತಿರುಗಿದ.

"ನಿಮ್ಮಮ್ಮನ ಥರ. ಯಾರ್ದೋ ಮೇಲೆ ಕೋಪ ಮಾಡ್ಕೊಂಡ ಹಾಗೆ. ಹುಬ್ಬು ಹೀಗೆ." ಬೆರಳಿನಿಂದ ತನ್ನ ಹುಬ್ಬುಗಳ ನಡುವೆ ಮುಟ್ಟಿ ತೋರಿಸಿದ. "ಕೂದ್ಲು ತುಂಬಾ ಇತ್ತು. ಒದ್ದೆಯಾಗಿತ್ತು. ಅವ್ರು ಬಾಚಿದ್ರು."

ಕುಮುದಾಳ ಅಮ್ಮ ನಿದ್ದೆಯಲ್ಲೂ ಹುಬ್ಬು ಗಂಟಿಕ್ಕಿಯೇ ಮಲಗುತ್ತಿದ್ದರು. ಕನಸಿನಲ್ಲೂ ಹಾಲಿನವನ ಜೊತೆ ಜಗಳ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡಳು. ಮೇಲೆ, ಮೇಜಿನ ಮೇಲೆ, ಕಿಟಕಿಯ ಗಾಳಿಗೆ ಚೀಟಿಗಳು ಸರಿದಾಡುವ ಸದ್ದು ಕೇಳುತ್ತಿತ್ತು.

ಅವಳು ಎದ್ದು ಡ್ರೈಯರಿನ ಬಾಗಿಲು ತೆರೆದಳು. ಮೇಲಿದ್ದ ಬಿಳಿ ಟವೆಲ್ ಇನ್ನೂ ಬಿಸಿಯಾಗಿತ್ತು. ಅದನ್ನು ಎರಡು ಮಡಿಕೆ ಮಾಡಿ, ಸುತ್ತಿ, ಎಡತೋಳಿನ ಮೇಲಿಟ್ಟುಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತಳು.

ಶ್ರೀಕಂಠ ಅವಳೆದುರು ಮೊಣಕಾಲೂರಿದ. ಅವಳ ಮೊಣಕೈ ಹಿಡಿದು ಹೊರಗೆ ಒಂದಿಷ್ಟು ಸರಿಸಿದ.

"ತಲೆ ಈ ಕಡೆ," ಎಂದ. "ಇನ್ನೂ ಸ್ವಲ್ಪ ಕೆಳಗೆ."

ಕುಮುದಾ ತೋಳನ್ನು ಇನ್ನೂ ಸ್ವಲ್ಪ ಕೆಳಗೆ ಇಳಿಸಿದಳು.