ರಾಮನದುರ್ಗದ ಏರು

ಕಾಲುವೆಯ ದುರಸ್ತಿಗೆಂದು ನೀರು ನಿಲ್ಲಿಸಿದ್ದರು. ಭತ್ತದ ಬಂಡಿಗಳು ಬರುವುದು ನಿಂತು, ಕಂಪ್ಲಿಯ ಕೊಟ್ರಯ್ಯನ ಅಕ್ಕಿ ಮಿಲ್ಲೂ ಸುಮ್ಮನಾಗಿತ್ತು. "ಎಂಟು ದಿನ ರಾಮನದುರ್ಗದಾಗ ತಣ್ಣಗ ಇದ್ದು ಬರೂಣು. ಬಳ್ಳಾರಿ ಬಿಳಿ ದೊರೆಗಳೆಲ್ಲ ಬ್ಯಾಸಿಗ್ಯಾಗ ಅಲ್ಲೇ ಇರ್ತಾರ" ಎಂದ ಅವನು. ಹೆಂಡತಿ ಸುವರ್ಣಮ್ಮನಿಗೆ ಬೆಟ್ಟದ ಚಿಂತೆ ಇರಲಿಲ್ಲ, ಚಿಂತೆಯೆಲ್ಲ ಕಾರಿನದು. ವಕೀಲರೊಬ್ಬರಿಂದ ಅದನ್ನು ಕೊಂಡು ಎರಡು ತಿಂಗಳಾಗಿತ್ತಷ್ಟೆ. ಒಬ್ಬ ಡ್ರೈವರನ್ನ ಇಟ್ಕೊಳ್ರಿ ಎಂದು ಅವಳು ಎರಡು ಸಲ ಹೇಳಿದ್ದಳು. "ಯಾಕ, ನನಗ ಕೈ ಇಲ್ಲೇನು?" ಎಂದಿದ್ದ.

ಹೊಸಪೇಟೆ ದಾಟಿ, ಸಂಡೂರು ಸಂಸ್ಥಾನದ ಸುಂಕದ ಕಟ್ಟೆಯನ್ನೂ ದಾಟಿ ಏರು ಹತ್ತುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಲಕ್ಕೆ ಕೆಂಪು ಬಂಡೆಯ ಗೋಡೆ. ಎಡಕ್ಕೆ, ಸುವರ್ಣಮ್ಮನ ಮೊಣಕೈಯಿಂದ ಒಂದು ಮಾರು ಆಚೆಗೆ, ಸಾಲಾಗಿ ನೆಟ್ಟ ಗಿಡ್ಡ ಕಲ್ಲುಗಳು. ಅವುಗಳಾಚೆ ಏನೂ ಇಲ್ಲ. ಕೆಳಗೆ ಬಹಳ ದೂರದಲ್ಲಿ ಮರಗಳ ತಲೆಗಳು ಮಾತ್ರ ಕಾಣುತ್ತಿದ್ದವು. ಹಿಂದಿನ ಸೀಟಿನಲ್ಲಿ ಅತ್ತೆ ಮುದುಕಮ್ಮ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಶಿವ ಶಿವ ಎನ್ನುತ್ತಿದ್ದಳು. ತಿರುವು ಬಂದಾಗಲೆಲ್ಲ ಸುವರ್ಣಮ್ಮನ ಕಾಲು ತನ್ನಷ್ಟಕ್ಕೆ ತಾನೇ ಕೆಳಗಿನ ಹಲಗೆಯನ್ನು ಒತ್ತುತ್ತಿತ್ತು.

ಮೂರನೆಯ ತಿರುವಿನಲ್ಲಿ ಇದ್ದಿಲು ಹೇರಿದ ಲಾರಿಯೊಂದು ಎದುರಾಯಿತು. ಎರಡೂ ಗಾಡಿಗಳು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತವು. ಲಾರಿಯ ಡ್ರೈವರು ಇಳಿದು ಬಂದ. ಚೋರನೂರಿನ ಭರಮಣ್ಣ ಅಂತ, ಮೈಯೆಲ್ಲ ಇದ್ದಿಲ ಮಸಿ.

"ಸಾವ್ಕಾರ್ರ, ನಂದು ಲೋಡ್ ಗಾಡಿ. ಏರಿಗೆ ಹಿಂದಕ್ಕ ಹೋಗಂಗಿಲ್ಲ. ನಿಮ್ಮ ಹಿಂದ ಆ ಬಂಡೆ ಸಂದ್ಯಾಗ ಜಾಗ ಐತಿ. ಅಲ್ಲಿಗಂಟ ಹಿಂದಕ್ಕ ತಗೋರಿ."

ಕೊಟ್ರಯ್ಯ ಹಿಂದಿನ ದಾರಿಯತ್ತ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿದ. ಅವನ ಕತ್ತಿನ ನರ ಉಬ್ಬಿದ್ದನ್ನು ಸುವರ್ಣಮ್ಮ ನೋಡಿದಳು. ಆಗ ಅವಳಿಗೆ ಹೊಳೆಯಿತು. ಮಿಲ್ಲಿನ ಕಣದಲ್ಲಿ ಇವನು ಯಾವಾಗಲೂ ದೊಡ್ಡ ಸುತ್ತು ಹಾಕಿಯೇ ಕಾರು ತಿರುಗಿಸುತ್ತಿದ್ದ. ಶೆಡ್ಡಿನಿಂದ ಹೊರಗೆ ತರುವುದಕ್ಕೆ ನಾಲ್ಕು ಜನ ಹಮಾಲರು ತಳ್ಳುತ್ತಿದ್ದರು. ಸಾಹುಕಾರಿಕೆಯ ಠೀವಿ ಇರಬೇಕು ಎಂದುಕೊಂಡಿದ್ದಳು. ಕಾರು ತನ್ನ ಬಲದಿಂದ ಹಿಂದಕ್ಕೆ ಹೋದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಅವಳು ಬಾಯಿ ತೆರೆಯುವುದರೊಳಗೆ ಅವನು ಬ್ರೇಕು ಸಡಿಲಿಸಿದ. ಕಾರು ಜಗ್ಗಿ ಹಿಂದಕ್ಕೆ ಉರುಳಿತು. ಎಡಗಾಲಿ ಒಂದು ಕಲ್ಲಿಗೆ ಬಡಿಯಿತು, ಕಲ್ಲು ಕಿತ್ತು ಕೆಳಗೆ ಹೋಯಿತು. ಎಲ್ಲೋ ಒಂದು ಕಡೆ ತಾಕಿದ ಸದ್ದು, ಮತ್ತೊಂದು ಸದ್ದು, ಆಮೇಲೆ ಏನೂ ಇಲ್ಲ. ಕೊಟ್ರಯ್ಯ ಎರಡೂ ಕೈಯಿಂದ ಬ್ರೇಕು ಎಳೆದು ಹಿಡಿದಿದ್ದ.

ಸುವರ್ಣಮ್ಮ ಬಾಗಿಲು ಹಿಡಿದುಕೊಂಡೇ ಇಳಿದಳು. ಪಾದ ಊರುವಷ್ಟೇ ನೆಲವಿತ್ತು. ಕೆಳಗೆ ನೋಡದೆ ಹಿಂದಕ್ಕೆ ಸರಿದು, ಸಿಕ್ಕ ಕಲ್ಲೊಂದನ್ನು ಗಾಲಿಗೆ ಒತ್ತು ಕೊಟ್ಟು, ಸುತ್ತಿ ಬಂದು ಗಂಡನ ಪಕ್ಕ ನಿಂತಳು.

"ಆ ಅಣ್ಣನ ಕೈಗೆ ಕೊಡ್ರಿ."

"ನನ್ನ ಗಾಡಿ ನಾ ತಗೀತೀನಿ."

"ಹಿಂದಕ್ಕ ಹೊಡ್ಯಾಕ ಬರಂಗಿಲ್ಲ ಅಂತ ನನಗರ ಹೇಳಬೇಕಿತ್ರಿ." ಲಾರಿಯವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

ಅವನು ಬಾಗಿಲ ಚಿಲಕಕ್ಕೆ ಕೈ ಹಾಕಿದ. "ಕಲಿಸಾಕ ಬಂದಾತ ಮುಂದಕ್ಕ ಹೊಡ್ಯಾದಷ್ಟ ಕಲಿಸಿ ಊರಿಗೆ ಹೋದ. ಆಮ್ಯಾಲೆ ಯಾರನ್ನ ಕೇಳಲಿ? ಊರ ಮಂದಿ ಎಲ್ಲ ನೋಡ್ತಿತ್ತು." ಹೀಗೆಂದು ಇಳಿದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಭರಮಣ್ಣ ಏನೂ ಕೇಳದೆ ಹತ್ತಿ ಕುಳಿತ. "ಅವ್ವಾ, ನೀವೂ ಇಳಿದ್ರ ಚಲೋ" ಎಂದ.

"ನಿನ್ನ ಕೈ ನಡುಗ್ತಾವೇನಪ್ಪಾ?" ಎಂದಳು ಮುದುಕಮ್ಮ.

"ಇಲ್ಲವ್ವಾ."

"ಹಂಗಾರ ನಡಿ. ನನಗ ಮಣಕಾಲು ನೋವು."

ಸುವರ್ಣಮ್ಮ ಒತ್ತುಗಲ್ಲು ತೆಗೆದು, ಬಂಡೆಯ ಕಡೆಯಿಂದ ಗಾಲಿಯನ್ನೇ ನೋಡುತ್ತ ನಡೆದಳು. ಕಾರು ಗೇಣು ಗೇಣಾಗಿ ಇಳಿಯಿತು. ಕೊಟ್ರಯ್ಯ ಅದರ ಮುಂದೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಹೆಜ್ಜೆ ಹಾಕುತ್ತಿದ್ದ. ಬಂಡೆಯ ಸಂದಿಗೆ ಕಾರನ್ನು ಸೇರಿಸಿ ಭರಮಣ್ಣ ಇಳಿದಾಗ ಮುದುಕಮ್ಮ ಗಂಟು ಬಿಚ್ಚಿ ನಾಲ್ಕು ರೊಟ್ಟಿ ಕೊಟ್ಟಳು. ಅವನು ಮೇಲಕ್ಕೆ ನಡೆದುಹೋಗಿ ಲಾರಿ ತಂದ. ಲಾರಿ ಕಾರಿನ ಮಗ್ಗುಲಲ್ಲೇ ಉಜ್ಜಿದಂತೆ ದಾಟಿಹೋಯಿತು.

"ಊರಿಗೆ ಹೋಗಿಬಿಡೂಣೇನು?" ಎಂದ ಕೊಟ್ರಯ್ಯ.

"ತಿರುಗಿಸಬೇಕಂದ್ರೂ ಹಿಂದಕ್ಕ ಹೊಡೀಬೇಕಲ್ರಿ" ಎಂದಳು ಸುವರ್ಣಮ್ಮ. ಇಬ್ಬರಿಗೂ ನಗು ಬರಲಿಲ್ಲ. ಉಳಿದ ದಾರಿಯುದ್ದಕ್ಕೂ ಪ್ರತಿ ತಿರುವಿಗೆ ಮುಂಚೆ ಕಾರು ನಿಲ್ಲಿಸಿ ಅವಳು ಇಳಿದು ಮುಂದೆ ಹೋಗಿ ನೋಡಿ, ಬರ್ರಿ ಎಂದು ಕೈ ಬೀಸುತ್ತಿದ್ದಳು. ದುರ್ಗ ಮುಟ್ಟಿದಾಗ ಹೊತ್ತು ಇಳಿದಿತ್ತು.

ಮೇಲೆ ಗಾಳಿ ನಿಜಕ್ಕೂ ತಣ್ಣಗಿತ್ತು. ಆದರೆ ಅವಳ ಮನಸ್ಸು ಇಳಿಜಾರಿನಲ್ಲೇ ಇತ್ತು. ಅನ್ನಕ್ಕೆ ಕೈ ಹಾಕಿದರೂ ಆ ಕಲ್ಲಿನ ಸದ್ದು. ಮೂರನೆಯ ಬೆಳಿಗ್ಗೆ ಗಂಡ ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ದೊರೆಗಳ ಬಂಗಲೆಗಳ ಆಚೆಗಿನ ಬಯಲಿನಲ್ಲಿ ಎರಡು ಕಲ್ಲಿಟ್ಟುಕೊಂಡು, ಅವುಗಳ ನಡುವೆ ಕಾರನ್ನು ಹಿಂದಕ್ಕೆ ತರಲು ಹೆಣಗುತ್ತಿದ್ದ. ಅವಳನ್ನು ನೋಡಿ ನಿಲ್ಲಿಸಿಬಿಟ್ಟ. ಅವಳು ಹಿಂದೆ ಹೋಗಿ ನಿಂತು, "ಬರ್ರಿ, ಇನ್ನಷ್ಟು ಬಲಕ್ಕ" ಎಂದಳು. ಕಲ್ಲಿಗೆ ಬಡಿಯಿತು. "ಮತ್ತ ಮುಂದಕ್ಕ ಹೋಗಿ ಬರ್ರಿ" ಎಂದಳು. ಉಳಿದ ಐದು ದಿನವೂ ಅವರ ಬೆಳಗು ಹೀಗೆಯೇ ಕಳೆಯಿತು.

ಇಳಿಯುವ ದಿನ ಎದುರಿಗೆ ಬಂದದ್ದು ಒಂದು ಎತ್ತಿನ ಬಂಡಿ ಮಾತ್ರ, ಅದೂ ತಾನೇ ಪಕ್ಕಕ್ಕೆ ಸರಿದು ನಿಂತಿತು. ಆದರೂ ಬೆಟ್ಟದ ಬುಡದ ಪಾಪಿನಾಯಕನಹಳ್ಳಿಯ ಹೊಲಗಳು ಕಾಣುವವರೆಗೆ ಸುವರ್ಣಮ್ಮ ಬಾಗಿಲ ಹಿಡಿಯನ್ನು ಬಿಡಲಿಲ್ಲ.