ಮನೆ ನಂಬರು ಒಂದರ ಯಲ್ಲವ್ವ

ನಾನು ಸತ್ತವರ ಹೆಸರು ಬರೆದಿಡುವ ಪುಸ್ತಕ. ಗದಗಿನ ಕಡೆಯ ಒಂದು ಮಿಶನ್ ಕಾಲೊನಿಯ ಚರ್ಚಿಗಾಗಿ ನನ್ನನ್ನು ಮಂಗಳೂರಿನಲ್ಲಿ ಹೊಲಿದು, ಕೆಂಪು ಚರ್ಮದ ರಟ್ಟು ಹಾಕಿದರು. ಕಪಾಟಿನಲ್ಲಿ ನನಗೆ ಜೊತೆಯಾಗಿದ್ದದ್ದು ಕಾಲೊನಿಯ ಜನಗಣತಿ ಪುಸ್ತಕ. ಬದುಕಿದ್ದವರು ಅದರಲ್ಲಿ, ಹೂಳಿದವರು ನನ್ನಲ್ಲಿ.

ಅಲ್ಲಿ ಮೊದಲು ಮನೆ ಕಟ್ಟಿದವನು ನೇಕಾರ ದೇವಪುತ್ರಪ್ಪ. ಪ್ಲೇಗಿನ ವರ್ಷ ಅವನು ನನ್ನ ಪುಟ ಸೇರಿದ. ಹೆಂಡತಿ ಯಲ್ಲವ್ವ ಮಿಶನ್ ಶಾಲೆಯ ಕಸ ಗುಡಿಸಿ ಮಗ ಸತ್ಯವಂತನನ್ನು ಓದಿಸಿದಳು. ಅವನು ಅದೇ ಶಾಲೆಗೆ ಹೆಡ್‌ಮಾಸ್ತರನಾದ. ದೊಡ್ಡ ಮನೆತನದ ಹೆಣ್ಣು ತಂದ. ಯಲ್ಲವ್ವ ಕಸಬರಿಗೆ ಬಿಡಲಿಲ್ಲ; ಮಗನಿಗೆ ಅದು ಅವಮಾನವಾಯಿತು. ತಾಯಿಯ ಹಾಸಿಗೆ ಹಿತ್ತಲಿಗೆ ಹೋಯಿತು.

ಅವಳು ತೀರಿಕೊಂಡ ದಿನ ಗುಮಾಸ್ತ ನನ್ನನ್ನು ತೆರೆದ. ಎದುರಿಗೆ ಮಾಸ್ತರ ನಿಂತಿದ್ದ.

"ಬರ್ಕೋ. ಯಲ್ಲವ್ವ, ಮನಿ ನಂಬರ ಒಂದು. ಕಸ ಗುಡಸಾಕಿ. ಸಂಬಂಧಿಕರಿಲ್ಲ."

ಗುಮಾಸ್ತ ತಲೆ ಎತ್ತಿದ. "ಸರ್, ನಿಮ್ಮವ್ವ ಅಲ್ಲೇನ್ರಿ?"

"ಹೇಳಿದಷ್ಟು ಬರಿ."

ಬರೆದ. ಮಾಸ್ತರ ಕೆಳಗೆ ಸಹಿ ಹಾಕಿದ. ಕಾಲೊನಿಗೆಲ್ಲ ಗೊತ್ತಿತ್ತು. ಆದರೆ ಎಲ್ಲರ ಮಕ್ಕಳೂ ಅವನ ಕೈಯಲ್ಲೇ ಕಲಿಯುತ್ತಿದ್ದರು, ಯಾರೂ ಬಾಯಿ ಬಿಡಲಿಲ್ಲ. ನನಗೆ ಬಾಯೇ ಇಲ್ಲ. ಆದರೂ ಆ ಸಾಲನ್ನು ಹೊತ್ತುಕೊಂಡ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಐವತ್ತೈದು ವರ್ಷದ ಮೇಲೆ ಮಾಸ್ತರನ ಮಗಳು ಕರುಣಾವತಿ ಬಂದಳು, ನಿವೃತ್ತ ನರ್ಸು. ಚರ್ಚಿನ ಶತಮಾನೋತ್ಸವದ ಪುಸ್ತಕಕ್ಕೆ ಮೊದಲ ಮನೆತನದ ಚರಿತ್ರೆ ಬರೆಯುವವಳಿದ್ದಳು.

"ನಮ್ಮಜ್ಜಿ ಅಪ್ಪನ್ನ ಹಡದು ಸತ್ತಳಂತ್ರಿ. ತಾರೀಖು ಬೇಕಾಗಿತ್ತು," ಎಂದಳು ಪಾಸ್ಟರಿಗೆ.

ಅಪ್ಪ ಹುಟ್ಟಿದ ವರ್ಷದ ಪುಟಗಳಲ್ಲಿ ಅಜ್ಜಿ ಸಿಗಲಿಲ್ಲ. ಜನಗಣತಿ ತೆಗೆದಳು. ಮನೆ ಒಂದು: ವಿಧವೆ ಯಲ್ಲವ್ವ, ಮಗ ಸತ್ಯವಂತ, ವಯಸ್ಸು ಹತ್ತು. ಹುಬ್ಬು ಗಂಟಿಕ್ಕಿ ಮತ್ತೆ ನನ್ನನ್ನು ಎಳೆದುಕೊಂಡು ಒಂದೊಂದೇ ಪುಟ ತಿರುವಿದಳು. ಆ ಸಾಲಿನ ಮೇಲೆ ಬೆರಳು ನಿಂತಿತು. ಕೆಳಗಿದ್ದ ಅಪ್ಪನ ಸಹಿಯ ಗುರುತು ಅವಳಿಗೆ ಚೆನ್ನಾಗಿ ಸಿಕ್ಕಿತು.

ಪಾಸ್ಟರಿಗೆ ಹೇಳಿದಳು: "ಈ ಮುದುಕಿ ನನಗ ನೆನಪದಾಳ್ರಿ. ಆಗ ನನಗ ಆರು ವರ್ಷ; ಬರೇ ಕಸ ಗುಡಸಾಕಿ ಅಂತ ತಿಳದಿದ್ದೆ. ಹಿತ್ತಲಾಗ ಕರದು ಹುರದ ಶೇಂಗಾ ಕೊಟ್ಟಿದ್ಲು. ಅಪ್ಪ ಬೈತಾನಂತ ಆಕಿ ಮುಂದನ ಚೆಲ್ಲಿ ಕೈ ತೊಳಕೊಂಡೆ."

ಪಾಸ್ಟರು ಮೆಲ್ಲಗೆ ಅಂದರು: "ಚರಿತ್ರಿಯೊಳಗ ಇದನ್ನ ಬಿಟ್ಟರೂ ನಡೀತೈತ್ರಿ. ಅಪ್ಪಾರ ಹೆಸರು ದೊಡ್ಡದು."

"ಬಿಡೂದಿಲ್ರಿ. ಪೆನ್ ಕೊಡ್ರಿ."

ನನ್ನ ಅಂಚಿನಲ್ಲಿ ಬರೆದಳು: 'ಸತ್ಯವಂತನ ತಾಯಿ. ನನ್ನ ಅಜ್ಜಿ.' ಸಹಿ ಹಾಕಿದಳು. ಚರಿತ್ರೆಯಲ್ಲೂ ಹಾಗೇ ಅಚ್ಚಾಯಿತು. ಶತಮಾನೋತ್ಸವಕ್ಕೆ ಅವಳ ತಮ್ಮಂದಿರಿಬ್ಬರೂ ಬರಲಿಲ್ಲ.

ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ. ಬೆನ್ನನ್ನು ಗೆದ್ದಲು ತಿಂದಿದೆ. ನನ್ನಲ್ಲಿರುವುದೆಲ್ಲ ನಿಜವೆಂದು ನಂಬಿ ಬಂದವರು ಭಕ್ತಿಯಿಂದ ನೋಡುತ್ತಾರೆ, ನಾನು ಕುಗ್ಗಿಹೋಗುತ್ತೇನೆ. 'ಸಂಬಂಧಿಕರಿಲ್ಲ' ಎಂಬ ಮಾತು ನನ್ನ ಪುಟಗಳಲ್ಲಿ ಇನ್ನೂ ಹನ್ನೊಂದು ಹೆಸರುಗಳ ಮುಂದಿದೆ. ಅವರನ್ನು ಹುಡುಕಿಕೊಂಡು ಯಾರೂ ಬಂದಿಲ್ಲ.